ಬಿಚ್ಚದ ಬುತ್ತಿ

ಈ ಸೈಕಲ್ಲಿಗೆ ಗಾಲಿ ಒಂದೇ, ಅದೂ ನೆಲ ಮುಟ್ಟಂಗಿಲ್ಲ.
ಆದ್ರೂ ನಾ ಬಿಜಾಪುರ ಬಿಟ್ಟು ಹೊಂಟೀನಿ,
ಮಾರಿಗೆ ರಬ್ಬರಿನ ಮುಸುಕು, ಮೊಣಕೈಯಾಗ ಸೂಜಿ,
ಎದಿ ತುಂಬ ಬಿಲ್ಲೆ, ಬಿಲ್ಲೆಗೊಂದು ವಾಯರು.

"ತುಳಿ, ದಾನವ್ವ" ಅಂತಾಳ ರುಬೀನಕ್ಕ.
"ನಿಮಿಷ ನಿಮಿಷಕ್ಕ ಭಾರ ಏರಸ್ತೀನಿ.
ಆಗಂಗಿಲ್ಲ ಅನಿಸಿದಾಗ ಬಿಡು,
ಅದಕ್ಕೂ ಮದಲ ಬಿಡಬ್ಯಾಡ."

ಆಗಂಗಿಲ್ಲ ಅನ್ನೂದು ಯಾವಾಗ ಬರ್ತದಂತ
ಎರಡು ವರ್ಷದಿಂದ ನನಗ ಗೊತ್ತದ.
ಮಂದಿಗೆ ಗೊತ್ತಿಲ್ಲ.

ನಸುಕಿನ್ಯಾಗ ಹಾಸ್ಟೆಲಿನ ಹುಡುಗ್ಯಾರು
ಸಾಲು ಹಿಡದು ಹೊಂಟ್ರ, ಕಡೀ ದೀಪ ನಂದು.
ಕೋಚ್ ಜೀಪಿನ ಬಾಗಲ ಬಡದು ಕೂಗ್ತಿದ್ದರು:
"ಮೈಗಳ್ಳಿ! ತಿಂದದ್ದೆಲ್ಲಾ ಎಲ್ಲಿ ಹೋಗ್ತದ?"
ಒಂದಿನ ಸಿಟ್ಟು ಬಂದು ನಾನೂ ಅದನ್ನೇ ಕೇಳಿದ್ದೆ,
ಬಚ್ಚಲದ ಕನ್ನಡಿಗೆ.

ಮದಲನೇ ನಿಮಿಷ, ಇಪ್ಪತ್ತು ವ್ಯಾಟ್. ಊರು ದಾಟೀನಿ.
ಮೂರಕ್ಕ ಜುಮನಾಳ. ರೈಲಿನ ಗೇಟು ತೆರದದ ಅಂತ ತಿಳಕೊಂಡೀನಿ.
ಐದಕ್ಕ ಮುಳವಾಡ, ಅರವತ್ತು ವ್ಯಾಟ್.
ಅರವತ್ತಂದ್ರ ಎಷ್ಟು?
ನಮ್ಮ ಅಡಗಿಮನ್ಯಾಗ ಜೋತ ಬಿದ್ದ ಹಳೇ ಬಲ್ಬಿನಷ್ಟು.
ಅಷ್ಟಕ್ಕೇ ಎದಿ ನೂರಾ ಎಂಬತ್ತಾರು ಬಡೀತದ,
ಮುಸುಕಿನ್ಯಾಗ ಉಸಿರು ತಿದಿ ಒತ್ತತದ,
ತೊಡಿ ಎರಡೂ ಹಸೇ ಹಿಟ್ಟಿನ ಮುದ್ದಿ.
ಕೊಲ್ಹಾರದ ಸೇತುವೆ ಬರಲಿಲ್ಲ.
ಕೃಷ್ಣೆ ಕಾಣಲಿಲ್ಲ.
ಕಾಲು ಬಿಟ್ಟೆ.

ನೀರು ಕುಡಿಸಿ, ದಣಿವು ಆರಿಸಿ, ಆಮ್ಯಾಲ ಕೈಯ ಪರೀಕ್ಷೆ.
ಹಿಡಿ, ಬಿಡು. ಹಿಡಿ, ಬಿಡು.
ದುಡದ ಕೈಯಿಂದ ರಕ್ತ ಜಗ್ಗಿ
ರುಬೀನಕ್ಕ ಸಿರಿಂಜು ಕಿಡಕಿ ಬೆಳಕಿಗೆ ಹಿಡದಳು,
ಹಿಡದು ಸುಮ್ಮನಾದಳು.
ಹೊಳ್ಳಿ ಬರೂ ರಕ್ತ ಕಪ್ಪಿಗೆ ತಿರಗಿರಬೇಕಂತ,
ಕಳತ ನೇರಳೆಹಣ್ಣಿನಂಗ.
ನಂದು ಕೆಂಪಗೇ ಅದ,
ಈಗಷ್ಟೇ ಮನಿ ಬಿಟ್ಟು ಹೊಂಟದೇನೋ ಅನ್ನೂ ಹಂಗ.

"ಹೊಲಕ್ಕ ಬುತ್ತಿ ಒಯ್ದಿತ್ತು ರಕ್ತ" ಅಂದಳು.
"ಆಳುಗಳು ಅದಾರ, ಹಸದಾರ.
ಗಂಟು ಬಿಚ್ಚಾಕ ಅವರ ಬೆರಳಿಗೆ ಬರವಲ್ದು.
ಹಂಗೇ ಹೊತಗೊಂಡು ಬಂದದ."

ನಾ ನಕ್ಕೆ. ಯಾಕೋ.
ಎರಡು ವರ್ಷ ಕಳ್ಳಿ ಆಗಿದ್ದೆ.
ಈಗ ನೋಡಿದ್ರ ಏನೂ ಕಳುವಾಗಿಲ್ಲ,
ರೊಟ್ಟಿಯ ಅಂಚು ಸೈತ ಮುರದಿಲ್ಲ.

ಡಾಕ್ಟರು ಹಾಳಿ ತಿರುವಿದರು.
ಲ್ಯಾಕ್ಟೇಟ್ ಏರಿದ್ದು ಇಳಿವಲ್ದು ಅಂದ್ರು.
"ಈ ಪರೀಕ್ಷೆ ಬೆರಳು ಮಾಡಿ ತೋರಸ್ತದ, ಹೆಸರು ಹೇಳಂಗಿಲ್ಲ.
ಮಾಂಸದ ಚೂರು ತಗೀಬೇಕು, ಜೀನ್ ನೋಡಬೇಕು.
ಸ್ನಾಯುವಿನೊಳಗ ಸಣ್ಣ ಒಲಿ ಇರ್ತಾವ, ಮೈಟೊಕಾಂಡ್ರಿಯಾ.
ಅವು ಕೆಟ್ಟಿರಬಹುದು."
ಒಬ್ಬರು ಬುತ್ತಿ ಅಂತಾರ, ಒಬ್ಬರು ಒಲಿ ಅಂತಾರ.
"ಆ ಒಲಿ ಅಪ್ಪನ ಕಡಿಂದ ಬರೂದಲ್ಲ,
ತಾಯಿ ಕಡಿಂದ."

ತಾಯಿ ಬಾಗಲದ ಹಂತ್ಯಾಕ ಸ್ಟೂಲಿನ ಮ್ಯಾಲ ಕುಂತಿದ್ದಳು.
ಸಿದ್ದವ್ವ. ಖಾನಾವಳಿಯಾಗ ರೊಟ್ಟಿ ಬಡಿಯಾಕಿ,
ನೂರಕ್ಕಿಷ್ಟು ಅಂತ ಪಗಾರ.
ಮೂವತ್ತಕ್ಕ ರಟ್ಟಿ ಸೋಲ್ತಾವ,
ಗ್ವಾಡಿಗೆ ಬೆನ್ನ ಹಚ್ಚತಾಳ, ಮತ್ತ ಏಳ್ತಾಳ.
ಸಂಜಿ ಆತಂದ್ರ ರೆಪ್ಪಿ ಜೋಲ್ತಾವ,
ಕತ್ತ ಹಿಂದಕ ವಾಲಿಸಿ ಮಂದಿನ್ನ ನೋಡ್ತಾಳ.
ಸೊಕ್ಕಿನಾಕಿ ಅಂದ್ರು ಅತ್ತಿಮನಿಯವರು.
ನಿದ್ದಿಬುರಕಿ ಅಂದ ಅಪ್ಪ.
ಆಕಿ ಎರಡನ್ನೂ ಇಟ್ಟಕೊಂಡಳು.

ರುಬೀನಕ್ಕ ಅವ್ವನ ರೆಪ್ಪಿ ನೋಡಿದಳು.
ನೋಡಿದ್ದನ್ನ ನಾ ನೋಡಿದೆ.
ಅವ್ವ ನಮ್ಮಿಬ್ಬರನ್ನೂ ನೋಡಿದಳು, ಕತ್ತ ಎತ್ತಿ.

ಯಾರೂ ಕೇಳಿರಲಿಲ್ಲ.
ಬಳಿ ಮ್ಯಾಲ ಸರಿಸಿ,
ಗೆರಿಯಾಗ ಜೋಳದ ಹಿಟ್ಟು ಕುಂತ ಕೈ
ಟೇಬಲ್ಲಿನ ಮ್ಯಾಲ ಇಟ್ಟಳು:
"ಎಷ್ಟು ಸಲ ಹಿಂಡಬೇಕ್ರಿ?"

ಹಿಡಿ, ಬಿಡು.
ರೊಟ್ಟಿ ಎಣಿಸಿ ಎಣಿಸಿ ಲೆಕ್ಕ ಕಲತಾಕಿ ನಾ.
ಮೂವತ್ತರ ಮುಂದ ಏನಂತ ನನಗ ಗೊತ್ತದ.
ಹಿಡಿ, ಬಿಡು.
ಎಣಸಾಕತ್ತೀನಿ.